ಕೋಣದ ಹಿಂದೆ, ಗೂಳಿಯ ಮುಂದೆ

ಗಲ್ಫಿನಲ್ಲಿರುವ ನಮಗೆ ಎರಡು ಕಡೆ ಸುಳ್ಳು ಹೇಳುವ ಕೆಲಸವಿರುತ್ತದೆ. ರಜೆಗೆ ಊರಿಗೆ ಹೋದಾಗ ಮಸ್ಕತ್ತಿನ ಬಗ್ಗೆ ಹೇಳುತ್ತೇವೆ, ಮಸ್ಕತ್ತಿಗೆ ಮರಳಿದ ಮೇಲೆ ಊರಿನ ಬಗ್ಗೆ. ಊರಿನವರ ಮುಂದೆ ಖುರುಮ್‌ನ ನನ್ನ ಆಫೀಸಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ. ನಿಜವಾಗಿ ಕಾಣುವುದು ಪಕ್ಕದ ಕಟ್ಟಡದ ಏಸಿ ಯಂತ್ರಗಳ ಬೆನ್ನು. ಇಲ್ಲಿಯವರ ಮುಂದೆ ನಮ್ಮ ಊರಿನ ಬಾವಿಯ ನೀರು ಕುಡಿದರೆ ಹಸಿವಾಗುತ್ತದೆ, ನಮ್ಮ ಮನೆಯ ಹಲಸಿನ ಹಣ್ಣನ್ನು ಇಬ್ಬರು ಹೊತ್ತು ತರಬೇಕು. ಎರಡೂ ಕಡೆಯವರು ಯಾವತ್ತೂ ಎದುರುಬದುರಾಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಮ್ಮ ಮರ್ಯಾದೆ ನಿಂತಿದೆ. ನಾನು ಈಗ ಹೇಳುವುದು ಅಂಥ ಒಂದು ಸುಳ್ಳಿನ ಸಂಗತಿ. ಈಸ್ಟರ್‌ಗೆ ಮುಂಚೆ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿ ಮುಗಿಸಬಹುದಿತ್ತು. ಆದರೆ ಅವರು ಈಗಾಗಲೇ ವಿಡಿಯೋ ನೋಡಿಬಿಟ್ಟಿದ್ದಾರೆ. ನನ್ನನ್ನು ಕಂಡರೆ ಸಾಕು, ಕೆಮ್ಮು ಬಂದವರಂತೆ ಬಾಯಿಗೆ ಕರವಸ್ತ್ರ ಹಿಡಿಯುತ್ತಾರೆ. ಹಾಗಾಗಿ ನಿಮ್ಮ ಬಳಿಗೆ ಬಂದಿದ್ದೇನೆ.

ನಾನು ವಿನ್ಸೆಂಟ್, ಉಡುಪಿ ಕಡೆಯವನು. ಇಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಕಂಪೆನಿಯಲ್ಲಿ ನನಗೆ ಕೆಲಸ. ನಾನು ಲಿಫ್ಟ್ ಮುಟ್ಟುವುದಿಲ್ಲ. ಮುಟ್ಟಿದವರು ಬರೆದು ತಂದ ವರದಿಗೆ ಮೊಹರು ಹಾಕಿ ಫೈಲಿನಲ್ಲಿಡುತ್ತೇನೆ. ಹನ್ನೊಂದು ವರ್ಷದ ನನ್ನ ಮಗಳು ಶರಲ್ ಹಿಂದೊಮ್ಮೆ ಶಾಲೆಯಲ್ಲಿ ಅಪ್ಪನ ಕೆಲಸದ ಬಗ್ಗೆ ಬರೆಯಬೇಕಾಗಿ ಬಂದಾಗ, ‘ನನ್ನ ತಂದೆ ಇಡೀ ದಿನ ಮೇಲೆ ಕೆಳಗೆ ಹೋಗುವ ವಿಷಯದಲ್ಲಿ ಕೆಲಸ ಮಾಡುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅವಳ ಪಕ್ಕದಲ್ಲಿ ಕೂರುವ ಹುಡುಗಿಯ ಅಪ್ಪ ಸಮುದ್ರದ ತಳಕ್ಕೆ ಇಳಿಯುವ ಮುಳುಗುಗಾರ, ಹಿಂದಿನ ಬೆಂಚಿನವಳ ಅಪ್ಪ ಹೆಲಿಕಾಪ್ಟರ್ ಹಾರಿಸುತ್ತಾನೆ. ನಡುವೆ ನನ್ನ ಮಗಳು, ಮೊಹರಿನವನ ಮಗಳು. ಅವಳು ಬಾಯಿಬಿಟ್ಟು ಏನೂ ಹೇಳಿದವಳಲ್ಲ. ಆದರೆ ಶಾಲೆಯ ಗೇಟಿನ ಮುಂದೆ ಕಾರು ನಿಂತ ಕೂಡಲೇ ಅವಳು ಇಳಿದು ಓಡುವ ವೇಗ ನೋಡಿ ನನಗೆ ಒಳಗೊಳಗೇ ಬೇಸರವಾಗುತ್ತಿತ್ತು.

ಸುಳ್ಳು ಹುಟ್ಟಿದ್ದು ಆಫೀಸಿನ ಪ್ಯಾಂಟ್ರಿಯಲ್ಲಿ, ಕರಕ್ ಚಹಾ ಕುಡಿಯುವಾಗ. ನಮ್ಮ ಕಂಪೆನಿಯ ವೀಸಾ, ಲೇಬರ್ ಕಾರ್ಡುಗಳ ಓಡಾಟ ನೋಡಿಕೊಳ್ಳುವ ಖಲ್ಫಾನ್ ಎಂಬ ಒಮಾನಿ ಗೆಳೆಯನಿದ್ದಾನೆ. ಅವನ ಊರು ಸುವೈಕ್, ಅಲ್ ಹೈಲ್‌ನ ನಮ್ಮ ಮನೆಯಿಂದ ಒಂದು ಗಂಟೆಯ ಮೇಲಿನ ದಾರಿ. ಆ ಕಡೆಯವರಿಗೆ ಗೂಳಿಯೆಂದರೆ ಪ್ರಾಣ. ಚಳಿಗಾಲದ ಶುಕ್ರವಾರಗಳಂದು ಸಂಜೆ ನಮಾಜಿನ ಹೊತ್ತು ಕಳೆದ ಮೇಲೆ ಬಯಲಿನಲ್ಲಿ ಎರಡೆರಡು ಗೂಳಿಗಳನ್ನು ಎದುರುಬದುರು ಬಿಡುತ್ತಾರೆ. ಅವು ಹಣೆಗೆ ಹಣೆ ಕೊಟ್ಟು ತಳ್ಳಾಡುತ್ತವೆ. ಬೆನ್ನು ತಿರುಗಿಸಿದ್ದು ಸೋತಿತು, ಅಷ್ಟೇ. ರಕ್ತವಿಲ್ಲ, ಪಂಥವಿಲ್ಲ, ಗೆದ್ದವನಿಗೆ ಕೊಡುವುದೂ ಏನೂ ಇಲ್ಲ, ಬರೀ ಹೆಸರು. ಖಲ್ಫಾನ್ ತನ್ನ ಸೋದರಮಾವನ ಗೂಳಿಯ ವಿಡಿಯೋ ತೋರಿಸಿದ. ನಾನು ಸುಮ್ಮನಿರಬೇಕಿತ್ತು. ನಮ್ಮೂರಿನ ಕಂಬಳದ ವಿಡಿಯೋ ತೆಗೆದು ತೋರಿಸಿದೆ. ಕೆಸರುಗದ್ದೆಯಲ್ಲಿ ಜೋಡಿ ಕೋಣ ಹಾರಿ ಹೋಗುತ್ತಿವೆ, ಹಿಂದೆ ಒಬ್ಬ ಹಗ್ಗ ಹಿಡಿದು ಬಾಣದಂತೆ ಓಡುತ್ತಿದ್ದಾನೆ. ಕೆಸರು ಎಷ್ಟು ಹಾರಿತ್ತೆಂದರೆ ಅವನ ಮುಖವೇ ಕಾಣುತ್ತಿರಲಿಲ್ಲ.

“ವಲ್ಲಾ! ಈ ಓಡುವವನು ಯಾರು?” ಎಂದ ಖಲ್ಫಾನ್. ನಮ್ಮಿಬ್ಬರ ಮಾತು ಹಿಂದಿ, ಅರಬಿ, ಇಂಗ್ಲಿಷ್ ಮೂರನ್ನೂ ಕಲಸಿದ್ದು. ಅದನ್ನೆಲ್ಲ ಕನ್ನಡದಲ್ಲೇ ಹೇಳಿಬಿಡುತ್ತೇನೆ. “ನಮ್ಮ ಊರಿನವನೇ,” ಎಂದೆ. ಇದು ಸತ್ಯ. “ನಿನಗೆ ಗೊತ್ತಿರುವವನೇ?” “ಚೆನ್ನಾಗಿ ಗೊತ್ತು.” ಇಲ್ಲಿ ಸತ್ಯ ಸ್ವಲ್ಪ ಬಾಗಿತು. ಅವನು ವಿಡಿಯೋ ನೋಡಿದ, ನನ್ನನ್ನು ನೋಡಿದ, ಕಣ್ಣು ಅರಳಿಸಿ, “ನೀನಾ?” ಎಂದ. ನಾನು ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಚಹಾ ಲೋಟ ಕೆಳಗಿಟ್ಟು ದೊಡ್ಡ ಮನುಷ್ಯರು ನಗುವಂತೆ ನಕ್ಕೆ. ಅದಾದ ಮೇಲೆ ಅವನು ನನ್ನ ಬಲಗಾಲಿನ ಹೆಬ್ಬೆರಳಿನ ಕಪ್ಪು ಉಗುರಿನ ಬಗ್ಗೆ ಕೇಳಿದಾಗ, “ಹಳೆಯ ಗಾಯ, ಕೋಣ ತುಳಿದದ್ದು,” ಎನ್ನಲು ನನಗೆ ಕಷ್ಟವೇ ಆಗಲಿಲ್ಲ. ಅದು ಅಲ್ ಹೈಲ್‌ನ ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಿದ್ದು ಆದದ್ದು.

ನಿಮ್ಮಲ್ಲಿ ಮುಚ್ಚುಮರೆ ಯಾಕೆ? ದನ, ಎಮ್ಮೆ, ಕೋಣ ಯಾವುದರ ಹತ್ತಿರವೂ ನಾನು ಸುಳಿದವನಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಒಂದು ನಾಯಿ, ಏಳು ಕೋಳಿ. ಹಾಲು ಸೊಸೈಟಿಯದು. ಒಂಬತ್ತು ವರ್ಷದವನಿದ್ದಾಗ ಅಣ್ಣ ಸಿಪ್ರಿಯನ್ ನನ್ನನ್ನು ಪಕ್ಕದೂರಿನ ಕಂಬಳಕ್ಕೆ ಕರೆದುಕೊಂಡು ಹೋಗಿದ್ದ. ಚುರುಮುರಿ ಪೊಟ್ಟಣ ಹಿಡಿದು ನಾನು ನಿಂತದ್ದು ಎಲ್ಲಿ? ಕೋಣಗಳು ಓಡಿ ಬಂದು ಮುಟ್ಟುವ ತುದಿಯಲ್ಲಿ. ಎರಡು ಕೋಣಗಳ ನಾಲ್ಕು ಕಣ್ಣು ನನ್ನ ಮೇಲೆಯೇ ನೆಟ್ಟಂತೆ ಕಂಡದ್ದೇ ತಡ, ಒಂದು ಚಪ್ಪಲಿ ಕೆಸರಿನಲ್ಲಿ ಬಿಟ್ಟು ಐಸ್‌ಕ್ಯಾಂಡಿ ಗಾಡಿಯ ಅಡಿಗೆ ನುಗ್ಗಿದವನು ಹೊರಗೆ ಬರಲು ಮುಕ್ಕಾಲು ಗಂಟೆ ಬೇಕಾಯಿತು. ಕೋಣದ ಭಯಕ್ಕಿಂತ ಚಪ್ಪಲಿಗಾಗಿ ಅಮ್ಮ ಕೊಟ್ಟ ಪೆಟ್ಟು ಈಗ ಹೆಚ್ಚು ನೆನಪಿದೆ. ಕಂಬಳಕ್ಕೂ ನನಗೂ ಇರುವ ಸಂಬಂಧ ಇಷ್ಟೇ.

ಡಿಸೆಂಬರ್‌ನಲ್ಲಿ ಖಲ್ಫಾನ್ ನಮ್ಮ ಮನೆಗೆ ಕ್ರಿಸ್ಮಸ್ ತಿಂಡಿ ತಿನ್ನಲು ಬಂದ. ಕಿಡಿಯೊ, ನೆವ್ರಿ ಎಲ್ಲ ತಿಂದು ಸಂತೋಷಗೊಂಡು ಶರಲ್‌ಗೆ ಹೇಳಿಯೇಬಿಟ್ಟ: “ನಿನ್ನ ಬಾಬಾ ಚಾಂಪಿಯನ್! ಕೋಣ ಓಡಿಸುವ ಹೀರೋ!” ಮಗಳು ಮೊಬೈಲಿನಿಂದ ತಲೆ ಎತ್ತಿದಳು. “ಡ್ಯಾಡಿ? ಸೀರಿಯಸ್ಲಿ?” ಎಂದಳು. ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆ ನೋಟಕ್ಕಾಗಿ ನಾನು ಇನ್ನೂ ನಾಲ್ಕು ಸುಳ್ಳು ಹೇಳಲು ಸಿದ್ಧನಿದ್ದೆ. “ಹಳೇ ಕಥೆ, ಬಿಡು,” ಎಂದು ವಿನಯ ತೋರಿಸಿದೆ. ಒಳಗಿನಿಂದ ನನ್ನ ಹೆಂಡತಿ ಲವೀನಾ ಕೆಮ್ಮಿದಳು. ಅವಳ ತವರು ಊರಿನಲ್ಲಿ ನಮ್ಮ ಪಕ್ಕದ ಇಗರ್ಜಿಯ, ಅಂದರೆ ಚರ್ಚಿನ, ವ್ಯಾಪ್ತಿಯಲ್ಲಿದೆ. ಅವಳಿಗೆ ಎಲ್ಲ ಗೊತ್ತು. ಖಲ್ಫಾನ್ ಹೋದ ಮೇಲೆ ಪಾತ್ರೆ ತೊಳೆಯುತ್ತಾ, “ಎಂತ ಮಾರಾಯ್ರೆ ನೀವು! ನನ್ನನ್ನು ನೋಡ್ಲಿಕ್ಕೆ ಬಂದ ದಿನ ನಮ್ಮನೆ ಕರುವಿಗೆ ಹೆದರಿ ಸ್ಕೂಟರಿನ ಸೀಟಿನ ಮೇಲೆ ಹತ್ತಿ ನಿಂತವರು ನೀವಲ್ವಾ?” ಎಂದಳು. ಕರು ಸಣ್ಣದಾಗಿತ್ತು, ಒಪ್ಪುತ್ತೇನೆ. ಆದರೆ ಅದಕ್ಕೆ ಕೊಂಬು ಮೂಡುತ್ತಿತ್ತು.

ಜನವರಿಯಲ್ಲಿ ಶಾಲೆಯಿಂದ ಒಂದು ಪ್ರಾಜೆಕ್ಟ್ ಬಂತು: ‘ಕೌಬಾಯ್‌ಗಳ ಬದುಕು ಮತ್ತು ರೋಡಿಯೋ’. ಒಮಾನಿನಲ್ಲಿ ಓದುವ ಭಾರತದ ಮಕ್ಕಳು ಅಮೆರಿಕದ ದನಗಾಹಿಗಳು ಗೂಳಿಯ ಬೆನ್ನೇರುವ ಆಟದ ಬಗ್ಗೆ ಯಾಕೆ ಬರೆಯಬೇಕೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಉಳಿದ ಮಕ್ಕಳು ಇಂಟರ್ನೆಟ್ಟಿನಿಂದ ಚಿತ್ರ ಇಳಿಸಿ ಅಂಟಿಸಿದರು. ನನ್ನ ಮಗಳು ಎದ್ದು ನಿಂತು, “ಮಿಸ್, ಮೈ ಡ್ಯಾಡ್ ಈಸ್ ಎ ರಿಯಲ್ ಕೌಬಾಯ್,” ಎಂದಳಂತೆ. ಟೀಚರ್ ಖುಷಿಯಾಗಿ, ಅಪ್ಪ ಗೂಳಿಯ ಜೊತೆ ಇರುವ ಫೋಟೋ ತಂದರೆ ತರಗತಿಯ ಗೋಡೆಗೆ ಹಾಕುತ್ತೇವೆ ಎಂದರಂತೆ. ಒಮಾನಿನಲ್ಲಿ ರೋಡಿಯೋ ಎಲ್ಲಿಂದ ಬರಬೇಕು? ಇಲ್ಲಿ ಇರುವುದು ಸುವೈಕ್. ಖಲ್ಫಾನ್‌ಗೆ ಸುದ್ದಿ ಮುಟ್ಟಿದ್ದೇ, “ಈ ಶುಕ್ರವಾರವೇ ಬಾ. ಯಲ್ಲಾ! ನನ್ನ ಮಾವನೂ ನಿನ್ನನ್ನು ನೋಡಬೇಕೆಂದು ಕಾಯುತ್ತಿದ್ದಾರೆ,” ಎಂದ. ಮಾವ ಯಾಕೆ ಕಾಯುತ್ತಿದ್ದಾರೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ವಾರದ ಸಾಮಾನು ತೆಗೆದುಕೊಂಡು, ಊಟ ಮಾಡಿ ಹೊರಟೆವು. ಶರಲ್ ಹೈಪರ್‌ಮಾರ್ಕೆಟ್ಟಿನಲ್ಲಿ ನನಗೊಂದು ಕಂದು ಬಣ್ಣದ ಕೌಬಾಯ್ ಟೋಪಿ ಆರಿಸಿದ್ದಳು. ಪಾರ್ಟಿಗಳಲ್ಲಿ ಹಾಕುವಂಥದ್ದು, ಗಲ್ಲಕ್ಕೆ ಕಟ್ಟುವ ದಾರ ಬೇರೆ. ಕಂಬಳದವರು ತಲೆಗೆ ಬೈರಾಸು ಸುತ್ತುತ್ತಾರೆ ಎಂದು ಹೇಳಿದೆ. “ಟವೆಲ್ ಈಸ್ ನಾಟ್ ಕೌಬಾಯ್, ಡ್ಯಾಡಿ,” ಎಂದಳು. ಸುವೈಕ್‌ನಲ್ಲಿ ಮುಖ್ಯ ರಸ್ತೆ ಬಿಟ್ಟು, ಪೇಟೆ ದಾಟಿ, ಖರ್ಜೂರದ ತೋಟಗಳ ನಡುವೆ ಹೋದರೆ ಸಮುದ್ರದ ಸಮೀಪ ಒಂದು ದೊಡ್ಡ ಬಯಲು. ನೂರಾರು ಪಿಕಪ್‌ಗಳು, ಒಂದೊಂದರ ಹಿಂದೆಯೂ ಒಂದೊಂದು ಗೂಳಿ ಪ್ರಯಾಣಿಕನಂತೆ ನಿಂತಿದೆ. ಬಿಳಿ ದಿಶ್ದಾಶಾ ತೊಟ್ಟು ಕೈಯಲ್ಲಿ ಕೋಲು ಹಿಡಿದ ಹಿರಿಯರು ಬಯಲಿನ ಸುತ್ತ ಮನೆಯಿಂದ ತಂದ ಕುರ್ಚಿಗಳಲ್ಲಿ ಕೂತಿದ್ದಾರೆ. ಅವರ ನಡುವೆ ನಾನು, ಕೌಬಾಯ್ ಟೋಪಿಯವನು. ಇಳಿದ ಕೂಡಲೇ ಒಂದು ಗೂಳಿ ನನ್ನನ್ನು ನೋಡಿ ಉಸಿರು ಬಿಟ್ಟಿತು. ನಾನು ಮರ್ಯಾದೆಯಿಂದ ಕಾರಿನ ಆ ಬದಿಗೆ ಹೋದೆ.

ಖಲ್ಫಾನ್‌ನ ಮಾವ ಸಾಲಿಂ, ಎಪ್ಪತ್ತರ ಮೇಲಿನವರು, ಬಿಳಿ ಗಡ್ಡ, ಮಾತು ಕಡಿಮೆ. ಖಾವಾ ಎಂಬ ಅರಬಿ ಕಾಫಿ, ಖರ್ಜೂರ ಕೊಟ್ಟು ಉಪಚರಿಸಿದರು. ಮೂರನೇ ಬಟ್ಟಲು ಮುಗಿದ ಮೇಲೆ ನನ್ನ ಕೈ ಹಿಡಿದು, “ಯಾ ಖಬೀರ್, ಬನ್ನಿ,” ಎಂದು ಕರೆದುಕೊಂಡು ಹೋದರು. ಖಬೀರ್ ಎಂದರೆ ತಜ್ಞ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆದರೆ ಕರೆದ ಜಾಗ ಸರಿಯಿರಲಿಲ್ಲ. ಎದುರಿಗೆ ಅವರ ಗೂಳಿ ನಿಂತಿತ್ತು. ಹೆಸರು ರಅದ್, ಗುಡುಗು ಎಂದರ್ಥ. ನಮ್ಮ ಕಾರಿನಷ್ಟು ಇತ್ತು. ಖರ್ಜೂರ, ತುಪ್ಪ, ಒಣಮೀನು ತಿಂದು ಬೆಳೆದ ದೇಹ. “ಹೋದ ಎರಡು ಸಲ ಬಯಲಿಗೆ ಬಿಟ್ಟಾಗ ಇವನು ಎದುರಾಳಿಯನ್ನು ಸುಮ್ಮನೆ ನೋಡಿ ತಿರುಗಿ ಬಂದ,” ಎಂದು ಖಲ್ಫಾನ್ ವಿವರಿಸಿದ. “ಊರಿಡೀ ನಗುತ್ತಿದೆ. ಇವತ್ತೂ ತಿರುಗಿದರೆ ಮಾವ ಇವನನ್ನು ಕಟುಕರಿಗೆ ಕೊಟ್ಟುಬಿಡುತ್ತಾರಂತೆ. ನೀನು ನೋಡಿ ಹೇಳು, ಇವನಿಗೆ ಏನಾಗಿದೆ?”

ನಾನು ರಅದ್‌ನ ಮುಖ ನೋಡಿದೆ. ರಜೆಯ ದಿನ ನನ್ನನ್ನು ಯಾಕಪ್ಪಾ ಇಲ್ಲಿಗೆ ಎಳೆದು ತಂದಿರಿ ಎಂಬ ಮುಖ. ಅವನಿಗೆ ಏನಾಗಿದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು, ನನಗೂ ಅದೇ ಆಗಿತ್ತು. ಆದರೆ ಹತ್ತು ಹೆಜ್ಜೆ ದೂರದಲ್ಲಿ ಮಗಳು ಮೊಬೈಲ್ ಹಿಡಿದು ನಿಂತಿದ್ದಾಳೆ, ಸುತ್ತ ಹದಿನೈದು ಮಂದಿ ಸೇರಿದ್ದಾರೆ, ಪಾಪದ ಪ್ರಾಣಿಯೊಂದರ ತಲೆ ನನ್ನ ಬಾಯಿಯ ಮೇಲೆ ನಿಂತಿದೆ. ಊರಿನಲ್ಲಿ ದನದ ಡಾಕ್ಟರು ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಸುತ್ತಲೂ ಒಂದು ಸುತ್ತು ಬಂದೆ, ಸಾಕಷ್ಟು ದೂರದಿಂದ. ಬಾಲ ನೋಡಿ ‘ಹೂಂ’ ಎಂದೆ. ಕಿವಿ ನೋಡಿ ‘ಹೂಂಹೂಂ’ ಎಂದೆ. ಎಲ್ಲರೂ ತಲೆಯಾಡಿಸಿದರು. ಇನ್ನು ಏನಾದರೂ ಹೇಳಲೇಬೇಕು. ಕಂಬಳದ ಕೋಣಗಳ ಬಗ್ಗೆ ನನಗೆ ಗೊತ್ತಿದ್ದ ಒಂದೇ ಒಂದು ಸಂಗತಿ ಬಾಯಿಗೆ ಬಂತು. “ಮೈಗೆ ಎಣ್ಣೆ ಕಾಣದೆ ಎಷ್ಟು ದಿನವಾಯಿತು? ನಮ್ಮ ಕೋಣಗಳಿಗೆ ಎಣ್ಣೆ ಹಚ್ಚಿ ತಿಕ್ಕುತ್ತೇವೆ. ತೆಂಗಿನೆಣ್ಣೆ,” ಎಂದೆ.

ತೆಂಗಿನೆಣ್ಣೆ ಇಲ್ಲೆಲ್ಲಿ ಸಿಗುತ್ತದೆ, ಮುಂದಿನ ವಾರ ನೋಡೋಣ ಎಂದು ಎಲ್ಲರೂ ಚದುರುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಆದರೆ ಶರಲ್, “ಡ್ಯಾಡಿ, ವಿ ಹ್ಯಾವ್ ಇಟ್ ಇನ್ ದ ಕಾರ್!” ಎಂದು ಓಡಿದಳು. ಬೆಳಿಗ್ಗೆ ತೆಗೆದುಕೊಂಡ ಸಾಮಾನಿನಲ್ಲಿ ಒಂದು ದೊಡ್ಡ ಡಬ್ಬಿ ಇತ್ತು. ಕಾರಿನಲ್ಲಿ ಕೂತಿದ್ದ ಲವೀನಾ, “ಅಯ್ಯೋ, ಅದು ಮೀನು ಕಾಯಿಸ್ಲಿಕ್ಕೆ ತಂದದ್ದು! ಗೂಳಿಗೆ ಎಂತಕ್ಕೆ?” ಎಂದು ಕೂಗುವಷ್ಟರಲ್ಲಿ ಡಬ್ಬಿ ಸಾಲಿಂ ಅವರ ಕೈ ಸೇರಿತ್ತು. ಅವರ ಇಬ್ಬರು ಗಂಡುಮಕ್ಕಳು ತೋಳು ಮಡಚಿ ತಿಕ್ಕತೊಡಗಿದರು. ಬೆನ್ನು ಆಯಿತು, ಭುಜ ಆಯಿತು. ರಅದ್ ಕಣ್ಣು ಮುಚ್ಚಿ ನಿಂತ. ನಾನಾದರೂ ಅಷ್ಟಕ್ಕೆ ಬಿಡಬೇಕಿತ್ತು. ತಜ್ಞನೆಂದ ಮೇಲೆ ಏನಾದರೂ ತಿದ್ದಲೇಬೇಕಲ್ಲ. “ಹಣೆಗೂ ಸ್ವಲ್ಪ. ನೆತ್ತಿ ತಂಪಾಗಬೇಕು,” ಎಂದೆ. ನಮ್ಮ ಅಮ್ಮ ನನಗೆ ಶನಿವಾರಗಳಂದು ಹೇಳುತ್ತಿದ್ದ ಮಾತು ಅದು. ಉಳಿದ ಎಣ್ಣೆಯೆಲ್ಲ ಹಣೆಗೆ ಹೋಯಿತು.

ರಅದ್‌ನ ಸರದಿ ಬಂತು. ಅವನು ಬಯಲಿಗೆ ನಡೆದಾಗ ಜನ ಓಹೋ ಎಂದರು, ಅಷ್ಟು ಹೊಳೆಯುತ್ತಿದ್ದ. ನನ್ನನ್ನು ಗೌರವದಿಂದ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. “ಡ್ಯಾಡಿ, ಸ್ಮೈಲ್!” ಎಂದು ಮಗಳು ಪಿಕಪ್ ಮೇಲಿನಿಂದ ಮೊಬೈಲ್ ಹಿಡಿದಿದ್ದಳು. ಎದುರಾಳಿ ಬರ್ಕಾ ಕಡೆಯಿಂದ ಬಂದ ಕರಿ ಗೂಳಿ, ಕೊರಳಿಲ್ಲದಂಥ ದೇಹ. ರಅದ್ ಎಂದಿನಂತೆ ಅವನನ್ನು ಸುಮ್ಮನೆ ನೋಡಿದ. ಎಣ್ಣೆಯ ಸುಖದಲ್ಲಿ ತಿರುಗಿ ಹೋಗಲೂ ಅವನಿಗೆ ಬೇಜಾರಾಗಿತ್ತೆಂದು ಕಾಣುತ್ತದೆ, ನಿಂತಲ್ಲೇ ನಿಂತ. ಕರಿ ಗೂಳಿ ತಲೆ ತಗ್ಗಿಸಿ ನುಗ್ಗಿ ಬಂತು. ಹಣೆಗೆ ಹಣೆ ಬಡಿಯಿತು. ಬಡಿಯಿತು ಎಂದರೆ ತಪ್ಪು, ಜಾರಿತು. ಬಚ್ಚಲುಮನೆಯಲ್ಲಿ ಸಾಬೂನು ಜಾರುವಂತೆ ಆ ದೊಡ್ಡ ತಲೆ ರಅದ್‌ನ ಹಣೆಯಿಂದ ಜಾರಿ, ಎಣ್ಣೆ ಹಚ್ಚಿದ ಭುಜ ಸವರಿ, ಪಕ್ಕೆ ಸವರಿ, ಎಲ್ಲೂ ತಡೆ ಸಿಗದೆ ಆ ಬದಿಗೆ ಹೊರಬಂತು. ಬಂದ ವೇಗಕ್ಕೆ ನಿಲ್ಲಲಾಗದೆ ನೇರವಾಗಿ ಮುಂದಕ್ಕೆ ಹೋಯಿತು. ಮುಂದೆ ಕೌಬಾಯ್ ಟೋಪಿ ಹಾಕಿಕೊಂಡು ನಗುತ್ತಾ ನಿಂತವನು ನಾನು.

ಆಮೇಲೆ ಆದದ್ದರಲ್ಲಿ ನನ್ನ ತಲೆಯ ಪಾತ್ರವಿಲ್ಲ, ಎಲ್ಲ ಕಾಲುಗಳೇ ನೋಡಿಕೊಂಡವು. ಕುರ್ಚಿಗಳು ಉರುಳಿದ್ದು ಕೇಳಿಸಿತು, ಯಾರದೋ ಖಾವಾ ಹೂಜಿ ಹಾರಿತು. ಬುದ್ಧಿಯಿದ್ದವರೆಲ್ಲ ಎಡಕ್ಕೂ ಬಲಕ್ಕೂ ಸರಿದರು. ನಾನೊಬ್ಬನೇ ನೇರ ಓಡಿದೆ. ಪಿಕಪ್‌ಗಳ ಸಾಲು ದಾಟಿದೆ, ಒಂದು ಕಾಲುವೆ ಹಾರಿದೆ, ಖರ್ಜೂರದ ತೋಟ ಹೊಕ್ಕೆ. ದಾರದಿಂದ ಗಲ್ಲಕ್ಕೆ ಕಟ್ಟಿದ್ದ ಟೋಪಿ ಬೆನ್ನಿಗೆ ಬಡಿಯುತ್ತಿತ್ತು. ಅದನ್ನು ನಾನು ಗೂಳಿಯ ಮೂತಿ ಎಂದುಕೊಂಡು ಇನ್ನಷ್ಟು ಜೋರಾಗಿ ಓಡಿದೆ. ಕೊನೆಗೆ ತೋಟದ ಒಂದು ಕಲ್ಲಿಗೆ ಬಲಗಾಲು ಎಡವಿ ಕೂತೆ. ತಿರುಗಿ ನೋಡಿದರೆ ಯಾರೂ ಇಲ್ಲ. ಗೂಳಿಯ ಹಗ್ಗವನ್ನು ಜನ ಬಯಲಿನಲ್ಲೇ ಹಿಡಿದು ನಿಲ್ಲಿಸಿ ಬಹಳ ಹೊತ್ತಾಗಿತ್ತಂತೆ. ನನಗೆ ಯಾರೂ ಹೇಳಲಿಲ್ಲ.

ಕುಂಟುತ್ತಾ ಮರಳಿದಾಗ ಬಯಲಿನ ನಡುವೆ ದೊಡ್ಡ ಪಂಚಾಯಿತಿ ನಡೆಯುತ್ತಿತ್ತು. ರಅದ್ ಬೆನ್ನು ತಿರುಗಿಸಿಲ್ಲ, ಕರಿ ಗೂಳಿ ಓಡಿದೆ. ಹಾಗಾಗಿ ರಅದ್ ಗೆದ್ದ ಎಂದು ಸುವೈಕ್‌ನವರು. ಎಣ್ಣೆಗೆ ಜಾರಿದ್ದು ಸೋಲಲ್ಲ ಎಂದು ಬರ್ಕಾದವರು. ಹಿರಿಯರು ಕೋಲೂರಿ ತಲೆ ಕೆಡಿಸಿಕೊಂಡಿದ್ದರು. ಎಣ್ಣೆ ಹಚ್ಚಬಾರದೆಂದು ಯಾರೂ ಯಾವತ್ತೂ ಹೇಳಿಲ್ಲ, ಯಾಕೆಂದರೆ ಹಚ್ಚುವ ಯೋಚನೆ ಯಾರಿಗೂ ಬಂದಿರಲಿಲ್ಲ. ನನ್ನನ್ನು ಕಂಡು ದಾರಿ ಬಿಟ್ಟರು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರೊಬ್ಬರು ಕೇಳಿದರು: “ಖಬೀರ್, ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿ. ಇದು ಮೋಸವೋ, ನಿಮ್ಮ ದೇಶದ ಪದ್ಧತಿಯೋ?” ನಿಜ ಹೇಳಿ ಹಗುರಾಗಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ನಾನು ಖಬೀರನೂ ಅಲ್ಲ, ಗಿಬೀರನೂ ಅಲ್ಲ ಎಂದರೆ ರಅದ್ ಇವತ್ತೇ ಕಟುಕನ ಪಾಲು. ಅವನು ಅಲ್ಲಿ ಮಿರಮಿರ ಮಿಂಚುತ್ತಾ, ಏನೂ ಅರಿಯದೆ ಯಾರದೋ ಕುರ್ಚಿಯ ದಿಂಬು ತಿನ್ನುತ್ತಿದ್ದ. “ನಮ್ಮಲ್ಲಿ ಓಟದ ಕೋಣಗಳಿಗೆ ಎಣ್ಣೆ ಹಚ್ಚುತ್ತಾರೆ. ಇದು ಆಣೆಗೂ ಸತ್ಯ,” ಎಂದೆ. ಆ ಬಯಲಿನಲ್ಲಿ ನಾನು ಹೇಳಿದ ಸತ್ಯ ಅದೊಂದೇ. ಹಿರಿಯರು ತೀರ್ಪು ಕೊಟ್ಟರು: ಇವತ್ತು ಗೆದ್ದವನು ರಅದ್, ಇನ್ನು ಮುಂದೆ ಹಣೆ ಒರೆಸಿ ಬಿಡಬೇಕು, ಖಲಾಸ್. ಸಾಲಿಂ ಇಲ್ಲಿಯವರು ಗೌರವ ತೋರಿಸುವ ರೀತಿಯಲ್ಲಿ ನನ್ನ ಮೂಗಿಗೆ ತಮ್ಮ ಮೂಗು ತಾಗಿಸಿದರು. ಖಲ್ಫಾನ್ ಕಣ್ಣೀರು ಒರೆಸಿಕೊಳ್ಳುತ್ತಾ, “ಮಾಶಾಲ್ಲಾ, ಏನು ಓಟ! ನನಗೆ ಮನಸ್ಸಿನ ಮೂಲೆಯಲ್ಲಿ ಸಣ್ಣ ಅನುಮಾನ ಇತ್ತು, ಮಾಫ್ ಮಾಡು ಸದೀಕ್, ನನ್ನ ಗೆಳೆಯಾ. ಆ ವಿಡಿಯೋದವನು ನೀನೇ!” ಎಂದ.

ಹಿಂದಿರುಗುವ ದಾರಿಯಲ್ಲಿ ಕಾರಿನ ತುಂಬ ತೆಂಗಿನೆಣ್ಣೆಯ ವಾಸನೆ. ಬರ್ಕಾ ದಾಟುವಾಗ ನನಗೆ ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ಹಿಂದೆ ಕೂತ ಮಗಳನ್ನು ನೋಡುತ್ತಾ, “ಶರಲ್, ನಾನು ಕಂಬಳದಲ್ಲಿ ಓಡಿದವನಲ್ಲ. ಅದೆಲ್ಲ ಸುಳ್ಳು,” ಎಂದೆ. ಗೂಳಿ ಅಟ್ಟಿಸಿಕೊಂಡು ಬಂದಾಗಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಅವಳು ತಲೆ ಎತ್ತದೆ, “ಐ ನೋ, ಡ್ಯಾಡಿ. ಮಮ್ಮಿ ಟೋಲ್ಡ್ ಮಿ ಆನ್ ಕ್ರಿಸ್ಮಸ್ ಡೇ,” ಎಂದಳು. ಲವೀನಾ ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡತೊಡಗಿದಳು. “ಮತ್ತೆ ಟೀಚರ್ ಹತ್ತಿರ ಯಾಕೆ ಹೇಳಿದ್ದು? ಇಲ್ಲಿವರೆಗೆ ಯಾಕೆ ಬಂದದ್ದು?” ಎಂದೆ. “ನೀವು ಎಂತ ಮಾಡ್ತೀರಿ ಅಂತ ನೋಡ್ಲಿಕ್ಕೆ,” ಎಂದಳು ಮಗಳು. ಅಪರೂಪಕ್ಕೆ ಇಡೀ ವಾಕ್ಯ ನಮ್ಮ ಮಾತಿನಲ್ಲೇ ಹೇಳಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕಣ್ಣು ಒದ್ದೆಯಾಯಿತು. ಅದು ಹೆಬ್ಬೆರಳಿನ ನೋವಿಗೂ ಇರಬಹುದು. ಉಗುರು ಈ ಸಲ ನಿಜವಾಗಿ ಗೂಳಿಯ ದೆಸೆಯಿಂದ ಕಪ್ಪಾಗಿತ್ತು.

ಪ್ರಾಜೆಕ್ಟಿಗೆ ಅವಳಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ‘ಕಂಬಳದಲ್ಲಿ ಮನುಷ್ಯ ಕೋಣದ ಹಿಂದೆ ಓಡುತ್ತಾನೆ. ನನ್ನ ತಂದೆ ಗೂಳಿಯ ಮುಂದೆ ಓಡುವ ಹೊಸ ಪದ್ಧತಿ ಕಂಡುಹಿಡಿದಿದ್ದಾರೆ’ ಎಂಬುದು ಅದರ ಮೊದಲ ಸಾಲು. ಈಗ ಶಾಲೆಯ ಗೇಟಿನಲ್ಲಿ ಅವಳು ನಿಧಾನವಾಗಿ ಇಳಿಯುತ್ತಾಳೆ, ಗೆಳತಿಯರನ್ನು ಕಾರಿನ ತನಕ ಕರೆತಂದು ನನ್ನನ್ನು ತೋರಿಸುತ್ತಾಳೆ. ಅವಳು ತೆಗೆದ ವಿಡಿಯೋ ಖಲ್ಫಾನ್‌ಗೆ ಹೋಯಿತು, ಖಲ್ಫಾನ್‌ನಿಂದ ಸುವೈಕ್‌ಗೆ, ಆಫೀಸಿಗೆ, ಇಗರ್ಜಿಯ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ಸಮುದ್ರ ದಾಟಿ ಊರಿಗೆ. ಯಾವತ್ತೂ ಎದುರುಬದುರಾಗುವುದಿಲ್ಲ ಎಂದುಕೊಂಡಿದ್ದ ಎರಡು ಊರುಗಳು ಹೀಗೆ ಒಂದಾದವು. ಅಣ್ಣ ಸಿಪ್ರಿಯನ್ ಫೋನ್ ಮಾಡಿ, “ಅದು ನೀನಾ ಮಾರಾಯ?” ಎಂದು ಕೇಳಿದ. “ನಾನಲ್ಲ,” ಎಂದೆ. “ಸುಳ್ಳು ಹೇಳ್ಬೇಡ. ಐಸ್‌ಕ್ಯಾಂಡಿ ಗಾಡಿಗೆ ಓಡಿದ್ದೂ ಹೀಗೇ,” ಎಂದ. ಕೆಸರು ಮೆತ್ತಿದ ಯಾರದೋ ಓಟವನ್ನು ನನ್ನದು ಎಂದಾಗ ಎಲ್ಲರೂ ನಂಬಿದರು. ಈಗ ನನ್ನದೇ ಓಟವನ್ನು ಯಾರದೋ ಎನ್ನುತ್ತಿದ್ದೇನೆ, ಒಬ್ಬರೂ ನಂಬುತ್ತಿಲ್ಲ. ಸುವೈಕ್‌ನಲ್ಲಿ ಕೆಸರಿಲ್ಲ ನೋಡಿ. ಮುಖ ಬಹಳ ಸ್ಪಷ್ಟವಾಗಿ ಬಂದಿದೆ.